ನನ್ನ ಶ್ರದ್ಧಾಂಜಲಿಗೆ ನಾನೇ ಕಟ್ಟಿದ ಫ್ಲೆಕ್ಸ್

ನಾನು ಸತ್ತ ಸುದ್ದಿ ನಮ್ಮೂರಿಗೆ ಹೋಗಿದ್ದು ಹಾಲಿನ ವ್ಯಾನಿನಲ್ಲಿ. ಅದನ್ನು ಒಯ್ದವರ ಮೇಲೆ ನನಗೇನೂ ಸಿಟ್ಟಿಲ್ಲ, ಯಾಕೆಂದರೆ ಸುದ್ದಿ ಹುಟ್ಟಿಸಿದವನು ನಾನೇ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೋ ಆರಿಸಿದ್ದು ನಾನು, ಅಕ್ಷರ ತಿದ್ದಿದ್ದು ನಾನು, ಏಣಿ ಹತ್ತಿ ಕಂಬಕ್ಕೆ ಕಟ್ಟಿದ್ದೂ ನಾನು. ಇಷ್ಟೆಲ್ಲ ಮಾಡಿ ಆಮೇಲೆ "ಅಯ್ಯೋ, ನಾನು ಬದ್ಕಿದೀನ್ರಪ್ಪಾ" ಎಂದು ಬಾಯಿ ಬಡಿದುಕೊಂಡರೆ ಯಾರು ತಾನೆ ಕೇಳುತ್ತಾರೆ?

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಮಾಗಡಿ ರೋಡಿನಲ್ಲಿ ಬ್ಯಾಡರಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಹುಟ್ಟಿದೆ. ಈಗ ಅದು ಹಳ್ಳಿಯೂ ಅಲ್ಲ, ಸಿಟಿಯೂ ಅಲ್ಲ; ದನದ ಕೊಟ್ಟಿಗೆಗೆ ಒತ್ತಿಕೊಂಡೇ ಜಿಮ್ ಇದೆ. ಹುಟ್ಟಿದಾಗ ಹೆಣ್ಣು ಎಂದು ಬರೆಸಿದರು. ನನಗೆ ಬುದ್ಧಿ ತಿಳಿದಾಗಿನಿಂದ ನಾನು ಗಂಡು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮನೆ ಬಿಟ್ಟೆ. ಬಿಟ್ಟೆ ಅನ್ನುವುದು ಮರ್ಯಾದೆಯ ಮಾತು; ಅಪ್ಪ ಕತ್ತು ಹಿಡಿದು ಹೊರಗೆ ತಳ್ಳಿದರು. ಅದಾಗಿ ಹನ್ನೆರಡು ವರ್ಷ; ಡಾಕ್ಟರು, ಇಂಜೆಕ್ಷನ್ನು, ಆಪರೇಷನ್ನು, ಅಫಿಡವಿಟ್ಟು ಎಲ್ಲ ಮುಗಿದಿದೆ. ಈಗ ನನಗೆ ಗಡ್ಡ ಇದೆ, ಗುರುತಿನ ಚೀಟಿಯಲ್ಲಿ ಹೊಸ ಹೆಸರಿದೆ, ಸೊಂಟನೋವೂ ಇದೆ.

ಕೆಲಸ ಕ್ಯಾಮೆರಾ ಹಿಡಿಯುವುದು. ಚಂದ್ರಾ ಲೇಔಟಿನಲ್ಲಿ ಒಂದು ಹಿಟ್ಟಿನ ಮಿಲ್ಲಿನ ಮೇಲಿನ ರೂಮಿನಲ್ಲಿ ನಮ್ಮ ಚಾನೆಲ್ಲು. ಟ್ರಾನ್ಸ್‌ಜೆಂಡರ್ ಸಮುದಾಯದವರೇ ಸೇರಿ ನಡೆಸುವುದು, ಮೊಬೈಲಿನಲ್ಲಿ ನೋಡುವುದು. ಪೊಲೀಸರು ಯಾರನ್ನು ಎಳೆದುಕೊಂಡು ಹೋದರು, ಯಾವ ಓನರ್ ಮನೆ ಖಾಲಿ ಮಾಡಿಸಿದ, ಮೀಸಲಾತಿಗೆ ಅರ್ಜಿ ಹೇಗೆ ಹಾಕಬೇಕು, ಇಂಥವೆಲ್ಲ ಸುದ್ದಿ. ಓದುವವರು ನಾವೆಲ್ಲ ಅಕ್ಕ ಎಂದು ಕರೆಯುವ ಐವತ್ತು ದಾಟಿದ ಟ್ರಾನ್ಸ್ ಹೆಂಗಸು. ಮಿಲ್ಲು ಓಡುತ್ತಿದ್ದರೆ ಮೈಕಿನಲ್ಲಿ ರಾಗಿ ಬೀಸುವ ಸದ್ದು ಬಿಟ್ಟರೆ ಬೇರೇನೂ ಬರುವುದಿಲ್ಲ. ಹಾಗಾಗಿ ಹಾವೇರಿ ಕಡೆಯ ಮಿಲ್ಲಿನ ಯಜಮಾನರು, ಹಣೆ ತುಂಬ ವಿಭೂತಿ ಹಚ್ಚಿದವರು, ದಿನಾ ಹನ್ನೊಂದಕ್ಕೆ ಅರ್ಧ ಗಂಟೆ ಮಿಲ್ಲು ನಿಲ್ಲಿಸುತ್ತಾರೆ. ಹಿಟ್ಟಿಗೆ ಬಂದ ಹೆಂಗಸರು ಡಬ್ಬ ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ನಮ್ಮ ಸುದ್ದಿ ಕೇಳುತ್ತಾರೆ. ಕೆಳಗಿನಿಂದ ಯಜಮಾನರು ಕೂಗುತ್ತಾರೆ, "ಮುಗೀತೇನ್ರೀ ನಿಮ್ ಸಮಾನತೆ? ಗೋಧಿ ಹಾಕ್ಲೇನು?"

ನಮ್ಮ ಹೋರಾಟದಲ್ಲಿ ನನ್ನದೊಂದು ವಿಚಿತ್ರ ಸಂಕಟ. ನಾನು ಟ್ರಾನ್ಸ್ ಅಂತ ಯಾರೂ ನಂಬುವುದಿಲ್ಲ. ಸೀರೆ ಉಟ್ಟ ನಮ್ಮ ಹುಡುಗಿಯರನ್ನು ನೋಡಿದರೆ ಜನ ದೃಷ್ಟಿ ತೆಗೆಸಿಕೊಳ್ಳಲಿಕ್ಕೆ ಬರುತ್ತಾರೆ, ಇಲ್ಲವೇ ರಸ್ತೆ ದಾಟಿ ಓಡುತ್ತಾರೆ. ನನ್ನನ್ನು ನೋಡಿದರೆ, "ಡ್ರೈವರ್ರೇ, ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕಿ" ಅನ್ನುತ್ತಾರೆ. ಒಂದು ಧರಣಿಯಲ್ಲಿ ಪೇದೆಯೊಬ್ಬರು ನನ್ನ ತೋಳು ಹಿಡಿದು ಹೊರಗೆ ಕಳಿಸಿ, "ಸಾರ್, ಇದು ಅವ್ರ ಪ್ರತಿಭಟನೆ, ಪಬ್ಲಿಕ್ ಆ ಕಡೆ ನಿಂತ್ಕೊಳ್ಳಿ" ಎಂದರು. ನನ್ನ ಹಕ್ಕಿಗೆ ನಾನು ಕೂಗುವುದಕ್ಕೂ ಬಿಡಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ ಫ್ಲೆಕ್ಸಿನ ಯೋಚನೆ ಹುಟ್ಟಿದ್ದು. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಎಲ್ಲದರಲ್ಲೂ ಹಳೆಯ ಹೆಸರು ಬದಲಾಯಿಸಿಕೊಳ್ಳಲು ನಮ್ಮವರು ಪಡುವ ಪಾಡಿನ ಬಗ್ಗೆ ಒಂದು ಅಭಿಯಾನ ಮಾಡಬೇಕಿತ್ತು. ನಮ್ಮ ಏರಿಯಾದಲ್ಲಿ ಜನ ಓದುವುದು ಎರಡೇ, ಶ್ರದ್ಧಾಂಜಲಿ ಫ್ಲೆಕ್ಸು ಮತ್ತು ಹುಟ್ಟುಹಬ್ಬದ ಫ್ಲೆಕ್ಸು. "ಎರಡೂ ಹಾಕೋಣ" ಎಂದೆ ನಾನು. ಮೊದಲ ವಾರ ನನ್ನ ಹಳೆಯ ಹೆಸರಿಗೆ ಶ್ರದ್ಧಾಂಜಲಿ, ಜೊತೆಗೆ ಚಾನೆಲ್ಲಿನಲ್ಲಿ 'ಅವಳು ಈಗಿಲ್ಲ' ಅಂತ ನಾನೇ ಅಳುವ ಒಂದು ವಿಡಿಯೋ. ಎರಡನೇ ವಾರ, ಅದೇ ಜಾಗದಲ್ಲಿ, ಗಡ್ಡದ ಫೋಟೋ ಹಾಕಿ ಹೊಸ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ನಮ್ಮ ಬೇಡಿಕೆಗಳು. ಅಕ್ಕನಿಗೆ ಮೊದಲಿಂದಲೂ ಅನುಮಾನವೇ.

"ಸಾವಿನ ವಿಷ್ಯದಲ್ಲಿ ತಮಾಷೆ ಬೇಡ ಕಣೋ," ಅಂದರು.

"ತಮಾಷೆ ಅಲ್ಲಕ್ಕ, ಕಲೆ."

"ಆಯ್ತು ಮಾರಾಯ. ಸಾಯಿ."

ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟಿನ ಫೋಟೋ ಹಾಕಿದೆವು. ಎರಡು ಜಡೆ, ಮಲ್ಲಿಗೆ, ಹಣೆಗೆ ಬೊಟ್ಟು, ಮುಖದಲ್ಲಿ ಇಡೀ ಜಗತ್ತಿನ ಮೇಲೆ ಸಿಟ್ಟು. ಎರಡೂ ಬದಿ ದೀಪದ ಚಿತ್ರ, ಮೇಲೆ ದಪ್ಪಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಒಂದನ್ನು ಚಂದ್ರಾ ಲೇಔಟಿನಲ್ಲಿ ಕಟ್ಟಿದೆವು. ಇನ್ನೊಂದನ್ನು ನಾನೇ ಹಠ ಹಿಡಿದು ಶ್ರೀಗಂಧದ ಕಾವಲ್ ತಿರುವಿನಲ್ಲಿ, ಬಸ್ಸಿನಲ್ಲಿ ಕೂತವರಿಗೂ ಕಾಣುವ ಹಾಗೆ ಕಟ್ಟಿದೆ.

ಮಿಲ್ಲಿನ ಯಜಮಾನರು ಅದನ್ನು ನೋಡಿ ಮೆಟ್ಟಿಲು ಹತ್ತಿ ಬಂದರು. ನನ್ನ ಮುಂದೆಯೇ ನಿಂತು, "ಯಾರ್ರೀ ಈ ಹುಡುಗಿ? ನಿಮ್ ಪೈಕಿ ಏನು? ಭಾಳ ಸಣ್ ವಯಸ್ಸು, ಪಾಪ" ಎಂದರು. "ನಾನೇ ಸಾರ್ ಅದು" ಅಂದೆ. ಅವರು ನನ್ನ ಗಡ್ಡವನ್ನು ಸ್ವಲ್ಪ ಹೊತ್ತು ನೋಡಿದರು. ದುಃಖದಲ್ಲಿ ಹುಡುಗ ಏನೇನೋ ಮಾತಾಡ್ತಿದಾನೆ ಅಂದುಕೊಂಡರೋ ಏನೋ, ಭುಜ ತಟ್ಟಿ ಕೆಳಗೆ ಇಳಿದುಹೋಗಿ ಅರ್ಧ ದಿನ ಮಿಲ್ಲು ಮುಚ್ಚಿದರು. ಹಿಟ್ಟಿಗೆ ಬಂದವರೆಲ್ಲ ನಮ್ಮನ್ನು ಬೈದುಕೊಂಡು ಹೋದರು.

ಎರಡನೇ ವಾರ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿದೆವು. ಕಟ್ಟಿ ಒಂದು ಗಂಟೆಯೂ ಆಗಿರಲಿಲ್ಲ, ಯಾರೋ ಸ್ಥಳೀಯ ಮುಖಂಡರ ಹುಟ್ಟುಹಬ್ಬ ಅಂತೆ, ಅವರ ಹುಡುಗರು ಬಂದು ಎರಡೂ ಕಡೆ ನನ್ನ ಮೇಲೆ ಅವರನ್ನು ಕಟ್ಟಿದರು. ಮುಖಂಡರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿಯುತ್ತಿದ್ದರು. ಹೀಗಾಗಿ ಪಶ್ಚಿಮ ಬೆಂಗಳೂರಿನಲ್ಲಿ ನಾನು ಸತ್ತಿದ್ದನ್ನು ಎಲ್ಲರೂ ನೋಡಿದರು, ಹುಟ್ಟಿದ್ದನ್ನು ಯಾರೂ ನೋಡಲಿಲ್ಲ.

ನೋಡಿದವರಲ್ಲಿ ನಮ್ಮೂರ ಡೈರಿಗೆ ಹಾಲಿನ ವ್ಯಾನ್ ಓಡಿಸುವವರೂ ಒಬ್ಬರು. ಅವರು ಎರಡು ಜಡೆಯನ್ನು ಗುರುತು ಹಿಡಿದರು. ಆ ಸಂಜೆ ಊರಿನ ಹೆಂಗಸರೆಲ್ಲ ನಮ್ಮ ಮನೆಗೆ ಹೋಗಿ ಅವ್ವನನ್ನು ತಬ್ಬಿಕೊಂಡು ಅತ್ತರಂತೆ. ಇದನ್ನು ನನಗೆ ಹೇಳಿದ್ದು ನಮ್ಮಣ್ಣ, ಫೋನಿನಲ್ಲಿ, ಬಿದ್ದು ಬಿದ್ದು ನಗುತ್ತಾ. "ಮಗಾ, ನಿನ್ ತಿಥಿಗೆ ವಡೆ ಮಾಡ್ಸೋದಾ ಬೇಡ್ವಾ?" ಅಂದ. ನನಗೂ ನಗು ಬಂತು. ಆಮೇಲೆ ಕೇಳಿದೆ, "ಅವ್ವ ಏನಂದ್ಲು?"

"ಏನೂ ಅನ್ಲಿಲ್ಲ. ಕಾಫಿ ಮಾಡ್ಕೊಟ್ಲು."

ನಗು ನಿಂತುಹೋಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ತಿಂಗಳಿಗೊಮ್ಮೆ ಅಣ್ಣನ ಫೋನಿನಿಂದ ಮಾತಾಡುತ್ತಿದ್ದಳು. ಊಟ ಆಯ್ತಾ, ಹುಷಾರಾ, ಅಷ್ಟೇ. ಹೆಸರು ಹಿಡಿದು ಒಂದು ಸಲವೂ ಕರೆದಿರಲಿಲ್ಲ. ಈ ಸಲ ಫೋನ್ ಮಾಡಿದಾಗ ನಾನೇ ಕೇಳಿದೆ.

"ಅವ್ವಾ, ನಾನ್ ಬದ್ಕಿದೀನಿ ಅಂತ ಯಾಕ್ ಹೇಳ್ಲಿಲ್ಲ?"

"ಹನ್ನೆರಡು ವರ್ಷದಿಂದ 'ನಿನ್ ಮಗಳೆಲ್ಲಿ, ನಿನ್ ಮಗಳೆಲ್ಲಿ' ಅಂತ ಜೀವ ತಿಂತಿದ್ರು. ಈಗ ಕೇಳೋದ್ ಬಿಟ್ರು. ನನಗೂ ಸಾಕಾಗಿತ್ತು" ಎಂದಳು.

ಫೋನ್ ಇಟ್ಟುಬಿಟ್ಟೆ. ಅಪ್ಪ ಕತ್ತು ಹಿಡಿದು ತಳ್ಳಿದಾಗಲೂ ಅಷ್ಟು ನೋವಾಗಿರಲಿಲ್ಲ. ಹೆತ್ತವಳು ನಾನು ಸತ್ತೆ ಅಂತ ಬಂದವರಿಗೆ ಕಾಫಿ ಕೊಟ್ಟಿದ್ದಾಳೆ. ಮಗ ಅನ್ನದಿದ್ದರೆ ಬೇಡ, ಬದುಕಿದೆ ಅಂತಾದರೂ ಅನ್ನಬಾರದಿತ್ತೇ? ಅವತ್ತು ಅಕ್ಕ ನನಗೆ ಬಲವಂತವಾಗಿ ಮುದ್ದೆ ತಿನ್ನಿಸಿದರು. "ನಂಗೂ ಹಿಂಗೇ ಮಾಡಿದ್ರು ಕಣೋ. ನಿನಗೆ ಫೋಟೋನಾದ್ರೂ ಹಾಕಿದೀವಿ" ಅಂದರು.

ಅದಾದ ಎರಡು ತಿಂಗಳಿಗೆ ಅಣ್ಣ ಸ್ಟುಡಿಯೋಗೆ ಬಂದ. ಮೆಟ್ಟಿಲ ಮೇಲಿನ ಹಿಟ್ಟೆಲ್ಲ ಅವನ ಕಪ್ಪು ಪ್ಯಾಂಟಿಗೆ. ಕೈಯಲ್ಲೊಂದು ದೊಡ್ಡ ಕವರು. ನಮ್ಮಣ್ಣ ಕೆಟ್ಟವನಲ್ಲ ಅನ್ನುವುದನ್ನು ಹೇಳಬೇಕು. ನನಗೆ ಗಡ್ಡ ಬಂದ ದಿನದಿಂದ ಅವನು ನನ್ನನ್ನು 'ಮಗಾ', 'ಗುರು' ಅಂತಲೇ ಕರೆಯುವುದು. ನಮ್ಮ ಚಾನೆಲ್ಲಿನ ಎಲ್ಲ ವಿಡಿಯೋಗೂ ಲೈಕ್ ಒತ್ತುತ್ತಾನೆ. ಅಪ್ಪನ ಮಣ್ಣಿನ ದಿನ ಮಾತ್ರ ನೆಂಟರಿಗೆ ನನ್ನನ್ನು "ನಮ್ ಫ್ರೆಂಡು" ಎಂದು ಪರಿಚಯಿಸಿದ್ದ.

ಕವರಿನಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಮಾವಿನಕಾಯಿ ಬಾರ್ಡರಿನ ಹಸಿರು ರೇಷ್ಮೆ ಸೀರೆ. ಕುಪ್ಪಸದ ಕಣ. ಒಂದು ಡಜನ್ ಗಾಜಿನ ಬಳೆ. ಅರಿಶಿನ, ಕುಂಕುಮ, ತೆಂಗಿನಕಾಯಿ.

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಆಸ್ತಿಯಿಂದ ಬಿಡಿಸುವುದು ಹೀಗೆಯೇ. ಕಾನೂನಿನಲ್ಲಿ ಅವಳಿಗೂ ಪಾಲಿದೆ. ಆದರೆ ಅಣ್ಣತಮ್ಮಂದಿರು ಅರಿಶಿನ ಕುಂಕುಮ ಕೊಟ್ಟು, ಸೀರೆ ಉಡಿಸಿ, ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ನನಗೇನೂ ಬೇಡ ಎಂದು ಸೈನ್ ಹಾಕಿಸಿಕೊಳ್ಳುತ್ತಾರೆ. ಅವಳು ತವರು ತಣ್ಣಗಿರಲಿ ಅಂತ ಹರಸಿ, ಹೋಳಿಗೆ ಉಂಡು ಬಸ್ಸು ಹತ್ತುತ್ತಾಳೆ. ಅಪ್ಪನ ಹೆಸರಿನಲ್ಲಿ ಉಳಿದಿದ್ದ ಹನ್ನೆರಡು ಗುಂಟೆಯನ್ನು ಅಣ್ಣ ಲೇಔಟಿನವರಿಗೆ ಕೊಡುವವನಿದ್ದ. ಅದಕ್ಕೆ ತಂಗಿ ಬೇಕಿತ್ತು.

"ಗುರು, ಒಂದೇ ಒಂದ್ ಗಂಟೆ," ಅಂದ. "ನೀಟಾಗಿ ಶೇವ್ ಮಾಡ್ಕೊಂಡು, ಸೀರೆ ಉಟ್ಕೊಂಡ್ ಬಂದ್ಬಿಡು. ಫೋಟೋ ಹೊಡೀತಾರೆ, ಸೈನ್ ಹಾಕ್ತೀಯ, ಮುಗೀತು. ಆಮೇಲ್ ಜೀವನ ಪೂರ್ತಿ ನೀನು ನನ್ ತಮ್ಮನೇ."

"ನನ್ನ ಆಧಾರ್‌ನಲ್ಲಿ ಗಂಡು ಅಂತಿದೆಯಲ್ಲೋ!"

"ಹಳೇದ್ ಮಡಗಿದೀಯ ತಾನೆ?"

ಅಕ್ಕ ಅಷ್ಟು ಹೊತ್ತು ಸೀರೆಯ ಸೆರಗು ಬಿಚ್ಚಿ ನೋಡುತ್ತಿದ್ದವರು, ತಲೆ ಎತ್ತಿದರು. "ಏನಪ್ಪಾ, ಸೀರೆ ಉಟ್ಟೆ ಅಂತ ನಮ್ಮನೇಲಿ ನನ್ನ ದೊಣ್ಣೇಲಿ ಹೊಡ್ದು ಓಡ್ಸಿದ್ರು. ಇವ್ನಿಗೆ ನೋಡಿದ್ರೆ ಸೀರೆ ಉಡು ಅಂತ ಮನೆ ಬಾಗಿಲಿಗೇ ತಂದಿದೀಯ. ನಿಮ್ಗೆಲ್ಲ ಏನ್ ಬೇಕು ಅಂತ ಮೊದ್ಲು ಕೂತ್ಕೊಂಡು ತೀರ್ಮಾನ ಮಾಡಿ" ಎಂದರು.

ನಾನು ಆಗಲ್ಲ ಅಂದೆ. ಜಮೀನಿನ ಆಸೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೆರಡು ಗುಂಟೆ ಅಂದರೆ ಈಗಿನ ಕಾಲದಲ್ಲಿ ಯಾರಿಗೆ ಬೇಡ? ಆದರೆ ಅವತ್ತು ಹೊಟ್ಟೆ ಉರಿದದ್ದು ಅದಕ್ಕಲ್ಲ. ಎಲ್ಲ ಕಡೆ ತಮ್ಮ, ಸೈನ್ ಹಾಕುವ ಕಡೆ ತಂಗಿ. ಅಣ್ಣ ಬೇಜಾರಿನಲ್ಲಿ ಎದ್ದು ಹೋದ. ಸೀರೆ ಮರೆತು ಹೋದ. ಅಕ್ಕ ಅದನ್ನು ಮರೆಯಲಿಲ್ಲ, ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು.

ಒಂದು ವಾರ ಬಿಟ್ಟು ಅಣ್ಣನ ಫೋನು. ದನಿಯಲ್ಲಿ ಭಾರೀ ಖುಷಿ.

"ಮಗಾ, ನಿಂಗೇನೂ ತೊಂದ್ರೆ ಇಲ್ಲ, ಎಲ್ಲ ಸೆಟ್ ಆಯ್ತು. ಮಂಗಳವಾರ ಊರಲ್ಲಿ ವಂಶವೃಕ್ಷಕ್ಕೆ ಮಹಜರು. ತಂಗಿ ತೀರ್ಕೊಂಡಿದಾಳೆ ಅಂತ ಹತ್ತು ಜನ ಹೇಳಿದ್ರೆ ಮುಗೀತು. ಊರಿಗೆಲ್ಲ ಹೆಂಗೂ ಗೊತ್ತಿದೆ."

"ಲೋ, ನಾನ್ ಸತ್ತಿಲ್ಲ ಕಣೋ!"

"ನೀನಲ್ಲಪ್ಪ, ಅವ್ಳು. ಫ್ಲೆಕ್ಸ್ ಹಾಕ್ಸಿದ್ ಯಾರು? ವಿಡಿಯೋದಲ್ಲಿ ಅವ್ಳು ಈಗಿಲ್ಲ ಅಂತ ಕಣ್ಣೀರ್ ಹಾಕ್ದೋನ್ ಯಾರು? ನಾನು ನಿನ್ ಹೋರಾಟಕ್ಕೆ ಬೆಲೆ ಕೊಡ್ತಾ ಇದೀನಿ ಗುರು. ನೀನ್ ಮಾತ್ರ ಮಂಗಳವಾರ ಈ ಕಡೆ ತಲೆ ಹಾಕ್ಬೇಡ, ಕನ್‌ಫ್ಯೂಸ್ ಆಗುತ್ತೆ."

ಹೋಗದೆ ಇರುತ್ತೇನೆಯೇ? ಆ ಕಾಗದದಲ್ಲಿ ಒಂದು ಸಲ ಸತ್ತಳು ಎಂದು ಬರೆದರೆ ನಾನು ಅಪ್ಪನಿಗೂ ಏನೂ ಅಲ್ಲ, ಅವ್ವನಿಗೂ ಏನೂ ಅಲ್ಲ. ಸುಮ್ಮನೆ ಯಾರದೋ ಫ್ರೆಂಡು. ಮಂಗಳವಾರ ಬೆಳಿಗ್ಗೆ ಕ್ಯಾಮೆರಾ, ಮೈಕು, ಗುರುತಿನ ಚೀಟಿ ಹಿಡಿದು ಹೊರಟೆ. ಅಕ್ಕ ಜೊತೆಗೆ ಬಂದರು. ಮಾವಿನಕಾಯಿ ಬಾರ್ಡರಿನ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು.

ಮಹಜರು ಅಂದರೆ ಹತ್ತು ಜನರನ್ನು ಕೂರಿಸಿ, ಇವರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ಕೇಳಿ ಬರೆದುಕೊಳ್ಳುವುದು. ಹಾಲಿನ ಡೈರಿಯ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬರೆದುಕೊಳ್ಳಲು ಬಂದಿದ್ದ ವಿಲೇಜ್ ಅಕೌಂಟೆಂಟ್ ಮೂವತ್ತು ದಾಟಿರದ ಹೆಣ್ಣುಮಗಳು, ಎಲ್ಲರೂ ಮೇಡಂ ಮೇಡಂ ಅನ್ನುತ್ತಿದ್ದರು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಗೋಡೆಗೆ ಒರಗಿ ಹೆಂಗಸರು. ಅವರ ನಡುವೆ ಅವ್ವ. ನನ್ನನ್ನು ನೋಡಿದವಳೇ ಮುಖ ತಿರುಗಿಸಿದಳು. ಅಣ್ಣ ನನ್ನನ್ನು ನೋಡಿದ, ಅಕ್ಕನ ಸೀರೆಯನ್ನು ನೋಡಿದ, ತಲೆ ಮೇಲೆ ಕೈ ಇಟ್ಟುಕೊಂಡ.

ಮೇಡಂ ಕೇಳುತ್ತಿದ್ದರು, "ಮಗಳು ಮರಣ ಹೊಂದಿದ್ದಾರೆ ಅಂತ ಹೇಳ್ತಿದೀರ. ಡೆತ್ ಸರ್ಟಿಫಿಕೇಟ್ ಎಲ್ಲಿ?"

ಅಣ್ಣ ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋ ತೋರಿಸಿದ.

"ಇದು ದಾಖಲೆ ಅಲ್ಲ."

"ಮೇಡಂ, ಸಾಯ್ದೆ ಇದ್ರೆ ಯಾರಾದ್ರೂ ಫ್ಲೆಕ್ಸ್ ಹಾಕ್ತಾರಾ?" ಎಂದು ಹಾಲಿನ ವ್ಯಾನಿನವರು ನ್ಯಾಯವಾದ ಪ್ರಶ್ನೆ ಕೇಳಿದರು. "ನಾನೇ ಕಣ್ಣಾರೆ ನೋಡಿದೀನಿ. ದೀಪ ಎಲ್ಲ ಇತ್ತು."

ನಾನು ಮುಂದೆ ಹೋದೆ. ಮೇಡಂ, "ನೀವ್ಯಾರು?" ಅಂದರು.

"ಸತ್ತೋರು ನಾನೇ ಮೇಡಂ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಈ ಗಲಾಟೆಯ ಮಧ್ಯೆ ಒಬ್ಬಾಕೆ ಅಕ್ಕನ ಹತ್ತಿರ ಬಂದು, ಮಗುವಿಗೆ ಹಾಲು ವಾಂತಿ ಆಗುತ್ತಿದೆ, ದೃಷ್ಟಿ ತೆಗೀರಿ ಅಂತ ಕೂಸನ್ನು ಕೈಗೆ ಕೊಟ್ಟಳು. ಅಕ್ಕ ಹೋರಾಟಕ್ಕೆ ಬಂದವರು, ಬೇಡ ಅನ್ನಲಾಗದೆ ಕೈಯಲ್ಲಿದ್ದ ಮೈಕಿನಿಂದಲೇ ಮೂರು ಸುತ್ತು ನಿವಾಳಿಸಿದರು.

ನನ್ನ ಗುರುತಿನ ಚೀಟಿ, ಅಫಿಡವಿಟ್ಟು, ಡಿಸಿ ಆಫೀಸಿನ ಸರ್ಟಿಫಿಕೇಟು ಎಲ್ಲ ಮೇಡಂ ಓದಿದರು. ಪಾಪ, ಬೆವರು ಒರೆಸಿಕೊಂಡರು. "ನೋಡಿ, ಅರ್ಜೀಲಿ ಒಬ್ಬ ಮಗ, ಒಬ್ಬ ಮಗಳು ಅಂತಿದೆ. ಮಗಳು ಬದುಕಿದ್ರೆ ಮಗಳನ್ನ ಕರ್ಕೊಂಡ್ ಬನ್ನಿ. ಇಲ್ಲ ಅಂದ್ರೆ ಡೆತ್ ಸರ್ಟಿಫಿಕೇಟ್ ತನ್ನಿ. ಎರಡೂ ಬಿಟ್ಟು ಗಡ್ಡ ಇರೋರನ್ನ ನಿಲ್ಸಿದ್ರೆ ನಾನೇನ್ ಬರೀಲಿ? ಊರಿನೋರು ಹೇಳಿ, ಇವರನ್ನ ಗುರುತಿಸ್ತೀರಾ?"

ಊರಿನವರು ನನ್ನನ್ನು ಸುತ್ತುವರಿದರು. ಹಿಂದಿನ ಬೀದಿಯ ಅಜ್ಜ ನನ್ನ ಅಂಗಿ ತೋಳು ಮೇಲೆ ಮಾಡಿ, ಹಲಸಿನ ಮರದಿಂದ ಬಿದ್ದಾಗ ಆದ ಗಾಯದ ಕಲೆ ಹುಡುಕಿದರು. ಸಿಕ್ಕಿತು. ಇನ್ನೊಬ್ಬರು, ನಮ್ಮ ಕೋಳಿ ಕದ್ದವರು ಯಾರು ಅಂತ ಕೇಳಿದರು. ನಾನೇ ಅಂದೆ. ಇಪ್ಪತ್ತು ವರ್ಷದಿಂದ ಬಗೆಹರಿಯದಿದ್ದ ಕೋಳಿಯ ವಿಚಾರ ಅಲ್ಲೇ ಬಗೆಹರಿಯಿತು. ಕೊನೆಗೆ ಅಜ್ಜ ಎದ್ದು ನಿಂತು ತೀರ್ಪು ಕೊಟ್ಟರು. "ಮೇಡಂ, ಇವ್ನು ಆ ಹುಡ್ಗೀನೇ. ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆ ಹುಡ್ಗಿ ಸತ್ತೋಗಿದೆ."

"ಎದುರಿಗೇ ನಿಂತಿದೀನಲ್ಲ ತಾತ!" ನನಗೆ ತಡೆಯಲಾಗಲಿಲ್ಲ.

"ನಿಂತಿದೀಯಪ್ಪ, ಇಲ್ಲ ಅಂದೋರ್ ಯಾರು? ಆದ್ರೆ ನಾವೆಲ್ಲ ಅತ್ತಾಗಿದೆ. ಈಗ ಏನ್ ಮಾಡೋದು?"

ಬೇರೆ ದಾರಿ ಕಾಣದೆ ಯಾರೋ ಕೈ ಎತ್ತಿಸಿ ನೋಡಿ ಅಂದರು. ಏಳು ಜನ ಸತ್ತಿದ್ದಾಳೆ ಅಂತ ಕೈ ಎತ್ತಿದರು. ಬದುಕಿದ್ದಾಳೆ ಅಂತ ಮೂವರು. ಆ ಮೂವರಲ್ಲಿ ಒಬ್ಬರು ಅಕ್ಕ, ಅವರಿಗೆ ನಮ್ಮೂರಲ್ಲಿ ಓಟಿಲ್ಲ. ಇನ್ನೊಬ್ಬರು ಕೋಳಿಯವರು, ನನ್ನಿಂದ ಕೋಳಿ ವಸೂಲು ಮಾಡಬೇಕೆಂದಿದ್ದವರು. ಮೂರನೆಯ ಕೈ ನನ್ನದೇ.

ನಗಬೇಕಿತ್ತು. ಬೇರೆಯವರ ಕಥೆಯಾಗಿದ್ದರೆ ಚಾನೆಲ್ಲಿನಲ್ಲಿ ಹಾಕಿ ನಗುತ್ತಿದ್ದೆ. ಆದರೆ ನನ್ನನ್ನು ಎತ್ತಿ ಆಡಿಸಿದ ಜನ ಒಬ್ಬೊಬ್ಬರಾಗಿ ಕೈ ಎತ್ತುವುದನ್ನು ನೋಡುತ್ತಾ ಕಣ್ಣು ತುಂಬಿ ಬಂತು. ಅವ್ವ ಕೈ ಎತ್ತಿರಲಿಲ್ಲ, ಎರಡು ಕಡೆಗೂ.

ಮೇಡಂ ಅದನ್ನು ಗಮನಿಸಿದ್ದರು. ಪೆನ್ನು ಕೆಳಗಿಟ್ಟು, "ಇವರನ್ನೆಲ್ಲ ಬಿಡಿ. ಹೆತ್ತೋರು ನೀವು. ನೀವೇ ಹೇಳಿ ಅಮ್ಮ, ನಿಮಗೆ ಮಕ್ಕಳೆಷ್ಟು?" ಎಂದರು.

ಅವ್ವ ಸೆರಗು ಸರಿಮಾಡಿಕೊಂಡು ಹೆಂಗಸರ ಸಾಲಿನಿಂದ ಮುಂದೆ ಬಂದಳು. ಅಣ್ಣ, "ಅವ್ವಾ, ನೋಡ್ಕೊಂಡ್ ಹೇಳು" ಅಂದ. ಅವಳು ಅವನ ಕಡೆ ನೋಡಲಿಲ್ಲ.

"ಎರಡು."

"ಇಬ್ಬರೂ ಬದುಕಿದಾರಾ?"

"ಹೂಂ. ಇಲ್ಲೇ ನಿಂತವೆ, ಕಾಣಾಕಿಲ್ವಾ?"

"ಒಂದು ಗಂಡು, ಒಂದು ಹೆಣ್ಣು. ಅಲ್ವಾ?"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಡ್ಡ, ಅಂಗಿ, ಕೈಯಲ್ಲಿದ್ದ ಕ್ಯಾಮೆರಾ, ಚಪ್ಪಲಿ. ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

"ಎರಡೂ ಗಂಡೇ ಬರ್ಕಳಿ," ಎಂದಳು. ಆಮೇಲೆ ನನ್ನ ಹೊಸ ಹೆಸರನ್ನು ತಡವರಿಸದೆ ಹೇಳಿದಳು.

ನಾನು ಅತ್ತುಬಿಟ್ಟೆ. ಕ್ಯಾಮೆರಾ ಕೈಬಿಟ್ಟು ಕುತ್ತಿಗೆಯಲ್ಲಿ ನೇತಾಡುತ್ತಿದ್ದುದರಿಂದ ಅವತ್ತಿನ ವಿಡಿಯೋದಲ್ಲಿ ಆ ಭಾಗವೆಲ್ಲ ಬರೀ ನನ್ನ ಅಂಗಿಯ ಗುಂಡಿ, ನನ್ನ ಬಿಕ್ಕುವ ಸದ್ದು. ಅಕ್ಕನೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಣ್ಣ ಮಾತ್ರ ಗಾಬರಿಯಿಂದ, "ಅವ್ವಾ, ಗಂಡು ಅಂದ್ಬಿಟ್ರೆ ಸಮಪಾಲು ಕೊಡ್ಬೇಕಾಗುತ್ತೆ ಕಣವ್ವಾ!" ಅಂದ.

"ಕೊಡು. ಗಂಡ್ಮಗ ಅಂದ್ಮೇಲೆ ಕೊಡ್ದೆ ಇರಾಕಾಯ್ತದಾ?"

ಮೇಡಂ ಬರೆಯುತ್ತಿದ್ದವರು ತಲೆ ಎತ್ತಿ, ಸಮಾಧಾನದ ದನಿಯಲ್ಲಿ, "ಮಗಳು ಅಂತ ಬರೆದಿದ್ರೂ ಸಮಪಾಲೇ ಅಮ್ಮ. ಕಾನೂನಿನಲ್ಲಿ ವ್ಯತ್ಯಾಸ ಇಲ್ಲ" ಎಂದರು.

ಅಕ್ಕನಿಗೆ ಕಸುಬು ನೆನಪಾಯಿತು. ಮೈಕನ್ನು ಅವ್ವನ ಮುಂದೆ ಹಿಡಿದು ಕೇಳಿದರು, "ಅಮ್ಮ, ಇವ್ನು ಮಗಳಾಗೇ ಉಳ್ಕೊಂಡಿದ್ರೆ ಏನ್ ಮಾಡ್ತಿದ್ರಿ?"

ಅವ್ವನಿಗೆ ಯೋಚನೆ ಮಾಡಬೇಕಾಗಲೇ ಇಲ್ಲ.

"ಮಗಳಾಗಿದ್ದಿದ್ರೆ ಸೀರೆ ಇಸ್ಕಂಡು ಸೈನ್ ಹಾಕ್ಬೇಕಿತ್ತು. ನಮ್ಮವ್ವ ಹಾಕುದ್ಲು. ನಾನೂ ಹಾಕ್ದೆ, ಎರಡೆಕರೆ ಗದ್ದೆ. ನೀವ್ ಹಾಕಿಲ್ವಾ ಮೇಡಂ, ನಿಮ್ ತವರಲ್ಲಿ?"

ಮೇಡಂ ಕಾಗದದ ಮೇಲೆ ಬಗ್ಗಿ ಬರೆಯುತ್ತಾ ಹೋದರು.

ಅವ್ವ ನನ್ನ ಕಡೆ ಗಲ್ಲ ತೋರಿಸಿ, "ಇದೊಂದು ತಪ್ಪಿಸ್ಕಂತು" ಎಂದಳು.

ಗೋಡೆಗೆ ಒರಗಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಗಂಡಸರು ಯಾರೂ ನಗಲಿಲ್ಲ. ನಾನು ಆ ಗಂಡಸರ ಸಾಲಿನಲ್ಲಿ ನಿಂತಿದ್ದೆ.